ಬಾಯಿ

ನಮ್ಮ ಕಡೆ ಬಾವಿಗೂ ಬಾಯಿ ಅಂತೀವಿ.
ಹಲ್ಲಿರುವ ಬಾಯಿಗೂ ಬಾಯಿ.
ತುಳಜಾಬಾಯಿಗೂ ಬರೀ ಬಾಯಿ.
'ಬಾಯಿ ನೋಡಾಕ ಬಾಯಿ ಬಂದಾರ' ಅಂದರೆ
ಕುಷ್ಟಗಿ ಸೀಮೆಯಲ್ಲಿ ಆಗ ಯಾರೂ ನಗುತ್ತಿರಲಿಲ್ಲ.
ನಗಲು ಹಲ್ಲು ತೋರಿಸಬೇಕಿತ್ತು.

ನಾನು ಹುಲಿಗೆಪ್ಪ, ಸೀಸೆ ಹೊರುವವನು.
ತಿಂಗಳಿಗೆ ಹದಿನೆಂಟು ರೂಪಾಯಿ, ವರ್ಷಕ್ಕೆರಡು ಖಾಕಿ ಅಂಗಿ.
ನನ್ನ ಸೈಕಲ್ಲಿನ ಹಿಂದೆ ಹುಲ್ಲು ಹಾಸಿದ ಪೆಟ್ಟಿಗೆ,
ಅದರಲ್ಲಿ ಇಪ್ಪತ್ತನಾಲ್ಕು ಸೀಸೆ.
ಮುಂದಿನ ಸೈಕಲ್ಲಿನ ಮೇಲೆ ಅವರು,
ಕಚ್ಚೆ ಸೀರೆ, ಗಂಡಸರ ಚಪ್ಪಲಿ,
ಎರೆಮಣ್ಣು ಗಾಲಿಗೆ ಮೆತ್ತಿದಾಗ ಇಳಿದು
ಜಾಲಿಕಡ್ಡಿಯಿಂದ ಕೆರೆದು ಮತ್ತೆ ಹತ್ತುವರು.
ಹಗ್ಗ ಇಳಿಬಿಡುವ ಮೊದಲು ದಿನಾ ಒಂದೇ ಮಾತು:
'ಮೂರು ಸಲ ಅದೇ ನೀರಾಗ ಮುಕ್ಕಳಿಸು, ಆಮ್ಯಾಲ ತುಂಬು.
ಹಿಂದಿನ ಊರು ಸೀಸ್ಯಾಗ ಉಳಿದಿರತೈತಿ.'

ಬಣ್ಣಗಾರರ ಮಗಳು.
ಅಪ್ಪ ಮಂಜಿಷ್ಠದ ಬೇರು ಕುದಿಸಿ ನೂಲಿಗೆ ಕೆಂಪು ಹಾಕುತ್ತಿದ್ದ.
ಊರ ನಡುವಿನ ಸಿಹಿಬಾಯಿಯ ನೀರಿಗೆ ಮಾತ್ರ
ಆ ಕೆಂಪು ನಿಲ್ಲುತ್ತಿರಲಿಲ್ಲ, ಸಪ್ಪಗೆ ಹಳದಿಯಾಗುತ್ತಿತ್ತು.
'ನೀರಿಗೆ ದೃಷ್ಟಿ ಆಗೇತಿ' ಅಂದು
ಆತ ಕೊಡ ಎತ್ತಿಕೊಂಡು ಉಪ್ಪುಬಾಯಿಗೆ ನಡೆಯುತ್ತಿದ್ದ.
ಏಳು ವರ್ಷದ ಹುಡುಗಿ ಹಿಂದೆ ಹಿಂದೆ.
ಹೈದರಾಬಾದಿನಲ್ಲಿ ಉರ್ದುವಿನಲ್ಲಿ ರಸಾಯನ ಓದಿ ಬಂದ ಮೇಲೂ
ಪ್ರಯೋಗಶಾಲೆಗೆ ಅವರು ಅನ್ನುತ್ತಿದ್ದದ್ದು
'ಬಣ್ಣದ ಮನಿ'.

ರಾಯಚೂರಿನ ದವಾಖಾನೆಯ ಹಿಂದಿನ ಕೋಣೆ ಅದು,
ಮೊದಲು ಸ್ಟ್ರೆಚರು ಇಡುತ್ತಿದ್ದರು.
ಸಾಲಾಗಿ ಗಾಜಿನ ಕೊಳವೆ, ಕೆಳಗೆ ಬಿಳಿ ಹಾಳೆ,
ಊರಿಗೆ ಇಷ್ಟು ಹನಿ ಕೆಂಪು.
ಒಂದು ತಾಸು ಕಾಯಬೇಕು.
ಆ ತಾಸಿನಲ್ಲಿ ಮಾತಿಲ್ಲ,
ಸೆರಗು ತುಟಿಗೆ ಒತ್ತಿ ನಿಂತಿರುತ್ತಿದ್ದರು.
ಕೆಂಪು ಉಳಿದರೆ ಕುಡಿಯಬಹುದು.
ಹಳದಿಗಿಳಿದರೆ
ಆ ಊರಿನ ಹುಡುಗರ ಹಲ್ಲು ಕಣ್ಣಿಗೆ ಬಂದಂತೆ,
ಮುದುಕರಲ್ಲದ ಮುದುಕರು
ಕುತ್ತಿಗೆ ತಿರುಗಿಸಲಾಗದೆ ಇಡೀ ಮೈ ತಿರುಗಿಸಿ
ನಮ್ಮನ್ನು ನೋಡಿದ್ದು ನೆನಪಾದಂತೆ.

'ಸಿಹಿನೀರಿಗೆ ವಿಷ ಅಂತೀರಿ, ಉಪ್ಪುನೀರು ಕುಡೀರಿ ಅಂತೀರಿ,
ಇದು ಯಾವ ಶಾಸ್ತ್ರ?' ಕೇಳಿದ ಒಬ್ಬ ಗೌಡ.
ಬಾಯಿ ಸೆರಗು ತೆಗೆದರು.
ಮೇಲಿನ ಸಾಲಿಗೆ ಅಡ್ಡಡ್ಡ ಕಂದುಗೆರೆ,
ಹಳೇ ಗೋಡೆಯ ಸುಣ್ಣದ ಹಾಗೆ ಉದುರಿದ ಅಂಚು.
ಅವರ ಹಲ್ಲು ನಾನು ಪೂರಾ ಕಂಡದ್ದು ಅದೊಂದೇ ಸಲ.
ವರದಿಯ ಮೇಲೆ ದೊಡ್ಡ ಡಾಕ್ಟರರ ಹೆಸರು ಅಚ್ಚಾಯಿತು.
ಕೊನೇ ಪುಟದಲ್ಲಿ, 'ನೀರು ತಂದುಕೊಟ್ಟವರು' ಎಂಬಲ್ಲಿ,
ನನ್ನ ಹೆಸರಿನ ಕೆಳಗೆ ಇವರದು.
ಅದನ್ನು ನೋಡಿ ಮಾತ್ರ ನಕ್ಕರು, ಸೆರಗಿನೊಳಗೆ.

ಇನ್ನು ನನ್ನ ಮಾತು.

ಇನ್ನೂರಾ ಹದಿನಾಲ್ಕನೇ ಸೀಸೆ ನಮ್ಮ ಓಣಿಯದು.
ನಮ್ಮಪ್ಪ ಬಂಡೆ ಒಡೆದು ತೋಡಿದ ಬಾಯಿ,
ಕೆಟ್ಟ ಬಾಯಿಗಳ ಕಟ್ಟೆಗೆ ಬಳಿಯುವ ಕೆಂಪು ಗೀಟು
ಅದಕ್ಕೆ ಬೀಳಬಾರದೆಂದು
ಹಳ್ಳದ ಒರತೆಯ ನೀರು ತುಂಬಿ ಬಿರಡೆ ಒತ್ತಿದೆ.
ಮೂರು ಸಲ ಮುಕ್ಕಳಿಸಿಯೇ ತುಂಬಿದೆ, ಅದರಲ್ಲಿ ಮೋಸವಿಲ್ಲ.
ತಾಸು ಕಳೆಯಿತು.
ಕೆಂಪು. ಬಾಳ ಚಂದದ ಕೆಂಪು.
ಬಾಯಿ ಕೊಳವೆ ನೋಡಿದರು.
ಆಮೇಲೆ ನನ್ನ ಹಲ್ಲು ನೋಡಿದರು.
ದಫ್ತರದಲ್ಲಿ ಬರೆದರು: ೨೧೪, ಮತ್ತೊಮ್ಮೆ.

ಬೈಯಲಿಲ್ಲ.
ಬಸ್ಸಿನ ನೆತ್ತಿಗೆ ಸೈಕಲ್ ಏರಿಸಿ ಒಬ್ಬರೇ ಹೋಗಿ
ಮೂರನೇ ದಿನ ಬಂದರು.
ನಮ್ಮವ್ವ ಕಟ್ಟಿಕೊಟ್ಟ ಸಜ್ಜಿರೊಟ್ಟಿ, ಶೇಂಗಾಹಿಂಡಿ
ನನ್ನ ಮುಂದಿಟ್ಟರು. ಪಕ್ಕಕ್ಕೆ ಸೀಸೆ.
'ನಿನ್ನ ತಮ್ಮಗ ಮೊಣಕಾಲು ಕೂಡಾಕ ಹತ್ಯಾವ,
ನೋಡೀಯೇನು?'
ನೋಡಿದ್ದೆ.
ಆ ತಾಸು ನಾವಿಬ್ಬರೂ ಕಾದೆವು.

ನಮ್ಮಪ್ಪನ ಬಾಯಿಗೆ ಗೀಟು ಎಳೆದವನು ನಾನೇ.
ಬ್ರಷ್ಷು ಕೊಟ್ಟು ಅವರು ಹಿಂದೆ ನಿಂತಿದ್ದರು.
ಕಟ್ಟೆಯ ಕಲ್ಲು ಬಿಸಿಯಿತ್ತು, ಕೈ ನಡುಗಿತು,
ಬಣ್ಣ ಅಲ್ಲಲ್ಲಿ ಹಿಡಿಯಲಿಲ್ಲ.
ಇಪ್ಪತ್ತು ವರ್ಷದ ನೌಕರಿಯಲ್ಲಿ
ಅವರು ನನ್ನನ್ನು ಗದರಿದ್ದು ಆಗ ಒಮ್ಮೆ:
'ತೆಳ್ಳಗಾತಲ್ಲೋ ಕೆಂಪು!
ದೂರದಿಂದ ಕಾಣಂಗಿಲ್ಲ.
ಮತ್ತೊಮ್ಮೆ.'